ಸಾಹೇಬ್ರು ಸೀಟಲ್ಲಿಲ್ಲ

ಹಾಡು ಕೇಳಿ ನಾಚಿಕೊಂಡ ರಸ್ತೆಯೊಂದು ತನ್ನ ಗುಂಡಿಗಳನ್ನು ತಾನೇ ಮುಚ್ಚಿಕೊಂಡದ್ದನ್ನು ನಾನು ಈ ಎರಡು ಕಣ್ಣುಗಳಿಂದ ನೋಡಿದ್ದೇನೆ. ಶನಿವಾರ ಸಂಜೆ ರೇಡಿಯೋದಲ್ಲಿ ಹಾಡು ಬಂತು. ಭಾನುವಾರ ಎದ್ದು ನೋಡಿದರೆ ರಸ್ತೆ ಇಸ್ತ್ರಿ ಹಾಕಿದ ಅಂಗಿಯ ಹಾಗೆ ಮಲಗಿತ್ತು. ಹಾಡು ನಡೆಯುವಷ್ಟು ಹೊತ್ತು ಊರಿನ ವಾಹನಗಳೆಲ್ಲ ನಿಂತಲ್ಲೇ ನಿಂತವು. ಮೇಲೆ ಹಾರುತ್ತಿದ್ದ ಕಾಗೆ ಆಕಾಶದಲ್ಲೇ ಬ್ರೇಕ್ ಹಾಕಿತು.

ಇಲ್ಲಿಗೆ ಬರುವಷ್ಟರಲ್ಲಿ ಕ್ಷೌರದ ಕತ್ತಿ ನಿಂತಿತು.

"ಕಾಗೆಗೆ ಬ್ರೇಕಾ?" ಎಂದ ಕ್ಷೌರದಂಗಡಿಯವನು.

"ನೀನು ನಿನ್ನ ಕೆಲಸ ನೋಡಪ್ಪ. ಪಾಪ, ಇವರು ಊರಿಗೆ ಹೊಸಬರು. ಇವರಿಗೆ ನಡೆದದ್ದು ನಡೆದ ಹಾಗೆ ಹೇಳೋರು ಯಾರಾದ್ರೂ ಬೇಡವಾ?" ಎಂದೆ ನಾನು.

ಕುರ್ಚಿಯಲ್ಲಿದ್ದ ಹೊಸಬರ ಮುಖದ ತುಂಬ ನೊರೆ. ಕತೆ ಕೇಳಲು ಇದಕ್ಕಿಂತ ಒಳ್ಳೆಯ ಗಿರಾಕಿ ಎಲ್ಲೂ ಸಿಗುವುದಿಲ್ಲ. ಎದ್ದು ಹೋಗುವ ಹಾಗಿಲ್ಲ, ಎದುರು ಮಾತಾಡಲು ಬಾಯಿ ತೆರೆದರೆ ಸೋಪು.

"ಐದಕ್ಕೆ ರೇಡಿಯೋ ಹಾಕ್ತೀನಿ. ಅಷ್ಟರೊಳಗೆ ಮುಗಿಸಿ," ಎಂದ ಅಂಗಡಿಯವನು.

ಮುಗಿಸುತ್ತೇನೆ. ಕೇಳಿ.

ನಮ್ಮ ಕಥಾನಾಯಕ ಡ್ರೈವಿಂಗ್ ಕಲಿಸುವ ಮಾಸ್ಟರು. ಕಲಿಯುವವರು ಸ್ಟಿಯರಿಂಗ್ ಹಿಡಿದರೆ ಇವರು ಪಕ್ಕದ ಸೀಟಿನಲ್ಲಿ ಪ್ರಾಣ ಹಿಡಿದುಕೊಂಡು ಕೂರುವವರು. ಆ ಕಾರಿನಲ್ಲಿ ಇವರ ಕಾಲಿನ ಬಳಿಯೂ ಒಂದು ಬ್ರೇಕ್ ಇದೆ. ಅದನ್ನು ತುಳಿದು ತುಳಿದು ಈಗ ಎಲ್ಲಿ ಕೂತರೂ ಕಾಲು ಸುಮ್ಮನಿರದು. ಮನೆಯ ಸೋಫಾದಲ್ಲಿ ಕೂತಿರುವಾಗ ಟೀವಿಯಲ್ಲಿ ರೈಲು ಬಂದರೂ ನೆಲ ತುಳಿಯುತ್ತಾರೆ. ಕಾರಿನೊಳಗೆ ಅವರ ಬಾಯಿ ಸಿಡಿಲು, ಗುಡುಗು, ಆಲಿಕಲ್ಲು. ಕಾರಿನಿಂದ ಇಳಿದರೋ ಬಾಯಿಗೆ ಬೀಗ. ಹೆಂಡತಿ ಉಪ್ಪು ಬೇಕಾ ಎಂದು ಕೇಳಿದರೂ ಉತ್ತರ ತಲೆಯಲ್ಲೇ.

ಈ ಮಾಸ್ಟರಿಗೆ ಒಬ್ಬ ಮಾವ. ಅಂಥ ಮಾವ ಭೂಮಿಯ ಮೇಲೆ ಇನ್ನೊಬ್ಬರಿಲ್ಲ. ಆರೂವರೆ ಅಡಿ ಎತ್ತರ.

"ಹ್ಞೂಂ," ಎಂದ ಕ್ಷೌರದಂಗಡಿಯವನು.

ಎರಡು ಬದಿಗೆ ಎರಡು ನಿಂಬೆಹಣ್ಣು ನಿಲ್ಲಿಸಬಹುದಾದ ಮೀಸೆ.

"ಹ್ಞೂಂ, ಹ್ಞೂಂ."

ಕೋರ್ಟಿನ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗುವ ಕೆಲಸದಲ್ಲಿದ್ದು ನಿವೃತ್ತರಾದವರು. ಅವರು ಒಮ್ಮೆ ಹೆಸರು ಕೂಗಿದರೆ ಆ ಹೆಸರಿನವನು ಮೂರು ಬೀದಿ ಆಚೆಯಿಂದ ಅಳುತ್ತಾ ಓಡಿಬಂದು ಮಾಡದ ತಪ್ಪನ್ನೂ ಒಪ್ಪಿಕೊಳ್ಳುತ್ತಿದ್ದ. ನಿವೃತ್ತಿಯ ನಂತರ ಈ ಮಹಾನುಭಾವರು ಮಗಳ ಮನೆಯಲ್ಲಿ ಕಿಟಕಿ ಪಕ್ಕದ ಕುರ್ಚಿಯನ್ನು ತಮ್ಮ ಇರುವಿಕೆಯಿಂದ ಬೆಳಗಿಸುತ್ತಿದ್ದರು.

ಒಂದು ಭಾನುವಾರ ಮನೆಯಲ್ಲಿ ನೆಂಟರು ಸೇರಿದ್ದರು. ಎಲ್ಲರೂ ಊಟಕ್ಕೆ ಕೂತಾಗ ಮಾವ ಗಂಟಲು ಸರಿಮಾಡಿಕೊಂಡರು.

"ಅಳಿಯಂದಿರೇ, ನಿಮ್ದು ಪಕ್ಕದಲ್ಲಿ ಕೂತ್ಕೊಳ್ಳೋ ಕೆಲಸ. ಕೂತ್ಕೊಳ್ಳೋದಕ್ಕೆ ಸಂಬಳ ಕೊಡೋ ಕೆಲಸ ಇನ್ನೊಂದು ನಾನು ನೋಡಿಲ್ಲ. ಮನುಷ್ಯ ಅಂದ್ಮೇಲೆ ಒಂದು ದನಿ ಇರ್ಬೇಕು, ನಾಲ್ಕು ಜನ ಕೇಳ್ಬೇಕು. ನಿಮ್ಮ ದನಿ ಪಕ್ಕದ ಮನೆಗೆ ಹೋಗೋದು ಹಾಗಿರ್ಲಿ, ಪಕ್ಕದ ತಟ್ಟೆಗೂ ಬರಲ್ವಲ್ರೀ?"

ಚಿಕ್ಕಮ್ಮಂದಿರು ಸೆರಗು ಬಾಯಿಗೆ ಒತ್ತಿಕೊಂಡರು. ಮಾಸ್ಟರು ಆ ನಗೆಯನ್ನೂ ಸಹಿಸಿಕೊಳ್ಳುತ್ತಿದ್ದರೇನೋ, ಆದರೆ ಬಡಿಸುತ್ತಿದ್ದ ಹೆಂಡತಿ ತಲೆ ತಗ್ಗಿಸಿದ್ದು ಕಣ್ಣಿಗೆ ಬಿತ್ತು. ಬಾಯಿಯ ಬೀಗ ತಾನಾಗಿ ಕಳಚಿತು.

"ನಾನು ರೇಡಿಯೋದಲ್ಲಿ ಮಾತಾಡ್ತೀನಿ, ಮಾವ."

ತುತ್ತುಗಳು ಗಾಳಿಯಲ್ಲೇ ನಿಂತವು.

"ಯಾವ ರೇಡಿಯೋ?"

"ನಮ್ಮೂರ ಸಮುದಾಯ ರೇಡಿಯೋ."

"ಯಾವಾಗ?"

ಮಾಸ್ಟರಿಗೆ ಆ ರೇಡಿಯೋದ ವಿಷಯದಲ್ಲಿ ತಿಳಿದಿದ್ದುದು ಒಂದೇ ಸಂಗತಿ. ರಿವರ್ಸ್ ಕಲಿಸುವ ಬೀದಿಯ ಕಂಬಕ್ಕೆ ಯಾರೋ ಅದರ ಪೋಸ್ಟರ್ ಅಂಟಿಸಿದ್ದರು. ಅವರ ಶಿಷ್ಯರೆಲ್ಲ ಸರದಿಯಂತೆ ಆ ಕಂಬಕ್ಕೆ ಗುದ್ದಿ ಗುದ್ದಿ ಪೋಸ್ಟರಿನ ಮುಕ್ಕಾಲು ಪಾಲು ಕಾರಿನ ಬಂಪರಿಗೆ ಬಂದುಬಿಟ್ಟಿತ್ತು. ಕಂಬದ ಮೇಲೆ ಉಳಿದದ್ದು ಕೊನೆಯ ಸಾಲು ಮಾತ್ರ.

"ಶನಿವಾರ ಸಂಜೆ ಐದಕ್ಕೆ," ಎಂದರು ಮಾಸ್ಟರು.

"ರೀ, ನನಗೆ ಯಾಕ್ರೀ ಹೇಳ್ಲಿಲ್ಲ?" ಎಂದು ಹೆಂಡತಿ ಕಣ್ಣರಳಿಸಿದಳು.

"ಹೇಳ್ಕೊಂಡು ತಿರುಗೋದು ನನಗೆ ಆಗಿಬರಲ್ಲ," ಎಂದು ಆ ವಿನಯವಂತರು ಕೈತೊಳೆಯಲು ಎದ್ದರು.

ಹರಿದುಹೋದ ಮುಕ್ಕಾಲು ಪೋಸ್ಟರಿನಲ್ಲಿ ಇದ್ದದ್ದು ಇಷ್ಟು. ಶನಿವಾರ ಸಂಜೆ ಐದಕ್ಕೆ ಬರುವ ಕಾರ್ಯಕ್ರಮದ ಹೆಸರು "ತಗಡು". ದೊಡ್ಡ ರೇಡಿಯೋಗಳು ಹತ್ತಿರ ಸೇರಿಸದ, ಯಾವ ಕಂಪನಿಯೂ ಮೂಸಿ ನೋಡದ, ಈ ಊರಿನದೇ ಹಿಪ್ ಹಾಪ್ ಹುಡುಗ ಹುಡುಗಿಯರು ಅಲ್ಲಿಗೆ ಬಂದು ರ‍್ಯಾಪ್ ಮಾಡುತ್ತಾರೆ. ಮನೆಯವರಿಗೆ ಗೊತ್ತಾಗದ ಹಾಗೆ ಬಚ್ಚಲುಮನೆಯಲ್ಲಿ ನಿಂತು, ತಲೆಯ ಮೇಲೆ ರಜಾಯಿ ಹೊದ್ದು ಹಾಡು ಕಟ್ಟುವ ಮಂದಿ. ನಡೆಸಿಕೊಡುವವನು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ಯುವಕ. ಖಾಲಿ ಎಣ್ಣೆ ಡಬ್ಬಿ ಬಡಿದು ಬಡಿದು ತಾಳ ಕಲಿತದ್ದರಿಂದ ಅವನನ್ನು ಎಲ್ಲರೂ ಡಬ್ಬಿ ಎಂದೇ ಕರೆಯುವುದು. ಅಲ್ಲಿಯ ಪದ್ಧತಿ ಏನೆಂದರೆ ಯಾರೂ ಸ್ವಂತ ಹೆಸರು ಹೇಳುವಂತಿಲ್ಲ. ಕೆಲಸ ಹೋದೀತು ಎಂದು ಹೆದರುವವರ ದನಿಯನ್ನು ಒಂದು ಮಿಷನ್ನಿಗೆ ಹಾಕಿ ದಪ್ಪ ಮಾಡುತ್ತಾರೆ. ಇಲಿ ಹೋಗಿ ಮೈಕಿನ ಮುಂದೆ ಕಿಚ್ ಎಂದರೂ ಊರಿಗೆ ಆನೆ ಘೀಳಿಟ್ಟ ಹಾಗೆ ಕೇಳುತ್ತದೆ.

ಶನಿವಾರ ಬಂತು. ಮಾಸ್ಟರು ಒಂದು ಪೊಟ್ಟಣ ಬಿಸ್ಕತ್ತು ತೆಗೆದುಕೊಂಡು, "ರೇಡಿಯೋಗೆ ಹೋಗಿ ಬರ್ತೀನಿ," ಎಂದು ಹೊರಟರು. ಟೈರ್ ಗೋಡೌನಿನ ಹಿಂದೆ ಕಾರು ನಿಲ್ಲಿಸಿ ಬಿಸ್ಕತ್ತು ಮುಗಿಸಿದರು. ಹಿಂದಿನ ಸೀಟಿನಲ್ಲಿ ಕಾಲು ಮಡಚಿಕೊಂಡು ನಿದ್ದೆ ಹೋದರು.

ಅತ್ತ ಮನೆಯಲ್ಲಿ ರೇಡಿಯೋದ ಸುತ್ತ ಹೆಂಡತಿ, ಚಿಕ್ಕಮ್ಮಂದಿರು, ಎದುರುಮನೆ ಅಕ್ಕ, ಅವಳ ಅತ್ತೆ, ಅತ್ತೆಯ ಬೆಕ್ಕು. ಮಾವ ಮಾತ್ರ ತಮ್ಮ ಸ್ವಂತ ಟ್ರಾನ್ಸಿಸ್ಟರನ್ನು ಕಿವಿಗಿಟ್ಟುಕೊಂಡು ವಾಯುಸೇವನೆಗೆ ಹೊರಟಿದ್ದರು. ಗಂಟೆ ಐದಾಯಿತು. ಡಂ ಡಂ ಟಪ್ ಎಂದು ತಾಳ ಬಿತ್ತು. "ಇವತ್ತಿನ ಅತಿಥಿ, ನಿಮ್ಮ ಬೀದಿಯ ಬಾಯಿ, ಹಾಫ್ ಕ್ಲಚ್!" ಎಂದು ಡಬ್ಬಿ ಕೂಗಿದ.

"ಹಾಫ್ ಕ್ಲಚ್ ಅಂದ್ರೆ ಇನ್ಯಾರು? ನಮ್ಮವರೇ!" ಎಂದು ಹೆಂಡತಿ ಚಪ್ಪಾಳೆ ತಟ್ಟಿದಳು. ಆಗ ಗುಹೆಯೊಳಗಿಂದ ಬಂದಂಥ ದನಿ ಹೊರಟಿತು.

"ಬಿಡು ಬಿಡು ಕ್ಲಚ್ಚು, ಬಿಡು ಮೆಲ್ಲಗೆ,
ಮುಂದೆ ಇದೆ ಗುಂಡಿ, ಹೋಗ್ತೀಯ ಎಲ್ಲಿಗೆ?
ಎಡಕ್ಕೆ ತಿರುಗಿಸಿದ್ರೆ ಅಲ್ಲೊಂದು ಗುಂಡಿ,
ಬಲಕ್ಕೆ ತಿರುಗಿಸಿದ್ರೆ ಅದರಪ್ಪನ ಗುಂಡಿ!
ಕನ್ನಡಿ ನೋಡಿದ್ರೆ ಹಿಂದೆ ಧೂಳು,
ಕಚೇರಿಗೆ ಫೋನಿಟ್ಟು ನಮ್ಮ ಗೋಳು ಹೇಳು!
ಟ್ರಿಣ್ ಟ್ರಿಣ್... ಸಾಹೇಬ್ರು ಸೀಟಲ್ಲಿಲ್ಲ!
ಟ್ರಿಣ್ ಟ್ರಿಣ್... ಸಾಹೇಬ್ರು ಸೀಟಲ್ಲಿಲ್ಲ!"

ಕ್ಲಚ್ಚು, ಕನ್ನಡಿ, ಎಡ, ಬಲ. ಅವೇ ಬೈಗುಳಗಳು, ಅದೇ ವೇಗ. ಸಾಕ್ಷಿ ಇನ್ನೇನು ಬೇಕು? ಬೆಕ್ಕು ಕೂಡ ಒಪ್ಪಿಕೊಂಡಿತು.

ಕಣ್ಣುಜ್ಜಿಕೊಂಡು ಮನೆಗೆ ಬಂದ ಮಾಸ್ಟರಿಗೆ ಬಾಗಿಲಲ್ಲಿ ಜಾತ್ರೆ.

"ಅಣ್ಣಾ, ಎಂಥ ಧೈರ್ಯ ನಿಮ್ದು! ರಸ್ತೆ ಸಾಹೇಬ್ರನ್ನೇ ಹಿಡ್ಕೊಂಡು ಝಾಡಿಸಿಬಿಟ್ರಲ್ಲ!" ಎಂದಳು ಎದುರುಮನೆ ಅಕ್ಕ.

ಮಾಸ್ಟರು ಕಣ್ಣುಜ್ಜುವುದನ್ನು ನಿಲ್ಲಿಸಿದರು. "ಯಾವ ಸಾಹೇಬ್ರು?"

"ನೋಡಿ, ನೋಡಿ, ಏನೂ ಗೊತ್ತಿಲ್ಲದವರ ಹಾಗೆ! ಎಲ್ಲಿ, ಆ ಗುಂಡಿಯ ಅಪ್ಪನ ಸಾಲು ಇನ್ನೊಂದ್ಸಲ ಹೇಳಿ."

ಗುಂಡಿಗೆ ಅಪ್ಪ ಯಾರು, ತಾನು ಯಾರನ್ನು ಝಾಡಿಸಿದೆ, ಒಂದರ ತಲೆಬುಡವೂ ತಿಳಿಯದ ಮಾಸ್ಟರು ಗಂಟಲು ಹಿಡಿದುಕೊಂಡು ಕೆಮ್ಮಿದರು. "ಹಾಡಿ ಹಾಡಿ ಗಂಟಲು ಕೂತಿದೆ," ಎಂದು ಸನ್ನೆ ಮಾಡಿದರು.

"ಜೇನು ತಗೊಂಡು ಬಾರೇ!" ಎಂದು ಚಿಕ್ಕಮ್ಮ ಒಳಗೆ ಕೂಗಿದಳು. ಆ ಮನೆಯಲ್ಲಿ ಮಾಸ್ಟರ ಗಂಟಲಿನ ಯೋಗಕ್ಷೇಮ ವಿಚಾರಿಸಿದ್ದು ಅದೇ ಮೊದಲು.

ವಾಯುಸೇವನೆ ಮುಗಿಸಿ ಬಂದ ಮಾವ ಅಳಿಯನನ್ನು ಮೇಲಿಂದ ಕೆಳಗೆ ನೋಡಿದರು. "ಪರವಾಗಿಲ್ಲ. ದನಿ ಸ್ವಲ್ಪ ನನ್ನ ಕಡೇದೇ ಬಂದಿದೆ," ಎಂದರು. ಅಳಿಯನ ದನಿ ಮಾವನ ಕಡೆಯಿಂದ ಹೇಗೆ ಬರುತ್ತದೆ ಎಂದು ಕೇಳುವ ಎದೆಗಾರಿಕೆ ಯಾರಿಗೂ ಇರಲಿಲ್ಲ.

ಸೋಮವಾರದ ಹೊತ್ತಿಗೆ ಊರೆಲ್ಲ ಅದೇ ಹಾಡು. ತರಕಾರಿ ಅಂಗಡಿಯಲ್ಲಿ ಟೊಮೆಟೊ ಇದೆಯಾ ಎಂದರೆ, "ಟೊಮೆಟೊ ಸೀಟಲ್ಲಿಲ್ಲ!" ಆಸ್ಪತ್ರೆಯಲ್ಲಿ ಡಾಕ್ಟರು ಎಲ್ಲಿ ಎಂದರೆ, ಸಾಲಲ್ಲಿ ಕೂತ ರೋಗಿಗಳೆಲ್ಲ ಒಕ್ಕೊರಲಿನಿಂದ, "ಸೀಟಲ್ಲಿಲ್ಲ!" ಮಾಸ್ಟರು ಬೀದಿಗಿಳಿದರೆ ಆಟೋದವರು ಹಾರ್ನ್ ಹೊಡೆದು ಸಲಾಂ ಮಾಡುತ್ತಿದ್ದರು. ಮಾಸ್ಟರು ಪ್ರತಿ ಸಲಾಮಿಗೂ ಒಂದು ಕೆಮ್ಮು ಕೆಮ್ಮಿ ತಪ್ಪಿಸಿಕೊಳ್ಳುತ್ತಿದ್ದರು.

ಒಂದು ಬೆಳಗ್ಗೆ ಡ್ರೈವಿಂಗ್ ಸ್ಕೂಲಿನ ಮುಂದೆ ಜೀಪು ನಿಂತಿತು. ಸ್ಕೂಲೆಂದರೆ ಮನೆಯ ಮುಂದಿನ ಕೋಣೆ, ಗೋಡೆಯ ತುಂಬ ರಟ್ಟಿನ ಟ್ರಾಫಿಕ್ ಚಿಹ್ನೆಗಳು. ಜೀಪಿನಿಂದ ರಸ್ತೆ ಇಲಾಖೆಯ ಸಾಹೇಬರು ಇಳಿದರು. ಇಳಿಯುವಾಗ ಕಾಲಿಟ್ಟದ್ದು ಗುಂಡಿಗೆ. ಒಳಗೆ ಬರುವಾಗಲೇ ಮುಖ ಕೆಂಪು ಸಿಗ್ನಲ್.

"ಯಾರ್ರೀ ಹಾಫ್ ಕ್ಲಚ್ಚು?"

"ಸಾಹೇಬ್ರೇ, ಅದು ಏನಾಯ್ತು ಅಂದ್ರೆ..."

"ನನ್ನ ಮೊಮ್ಮಗಳು, ಸ್ವಂತ ಮೊಮ್ಮಗಳು ಕಣ್ರೀ, ಮನೇಲಿ ಫೋನ್ ರಿಂಗಾದ್ರೆ ಎತ್ತಿ ಅದೇ ಹಾಡು ಹಾಡ್ತಾಳೆ! ನಾನು ಎದುರಿಗೇ ಸೋಫಾದಲ್ಲಿ ಕೂತಿರ್ತೀನಿ!"

"ನಾನು ನಿಜವಾಗ್ಲೂ..." ಎಂದು ಮಾಸ್ಟರು ಸತ್ಯ ಹೇಳಲು ಬಾಯಿ ತೆರೆದರು. ಅದೇ ಗಳಿಗೆಗೆ ಟೀ ಹಿಡಿದು ಹೆಂಡತಿ ಬಂದಳು.

"ಇವರೇ ಸಾರ್ ಕಟ್ಟಿದ್ದು, ಇವರೇ ಹಾಡಿದ್ದು. ಒಂದಕ್ಷರ ವಾಪಸ್ ತಗೊಳ್ಳಲ್ಲ! ಅಲ್ವೇನ್ರೀ?"

ಮಾಸ್ಟರು ಹೆಂಡತಿಯ ಮುಖ ನೋಡಿದರು. ಭಾನುವಾರದ ಊಟದಲ್ಲಿ ತಗ್ಗಿದ್ದ ತಲೆ ಈಗ ಸೂರು ಮುಟ್ಟುವ ಹಾಗೆ ನಿಂತಿತ್ತು. ಅವರ ಕಾಲು ನೆಲದ ಮೇಲೆ ಇಲ್ಲದ ಬ್ರೇಕನ್ನು ತುಳಿಯಿತು. ಬ್ರೇಕ್ ಹಿಡಿಯಲಿಲ್ಲ.

"ಹೌದು," ಎಂದರು.

"ಹಾಗಾದ್ರೆ ಕೇಳಿ. ಈ ಶನಿವಾರ ಅದೇ ಮೈಕಿನ ಮುಂದೆ, ಆ ಮಿಷನ್ನು ಗಿಷನ್ನು ಏನೂ ಇಲ್ದೆ, ಸ್ವಂತ ದನಿಯಲ್ಲಿ ಕ್ಷಮೆ ಕೇಳ್ಬೇಕು. ಇಲ್ಲಾಂದ್ರೆ ಆ ಕಾರ್ಯಕ್ರಮ ಬಂದ್. ರೇಡಿಯೋ ಇರೋ ಕಟ್ಟಡ ನಮ್ಮ ಇಲಾಖೇದು, ನೆನಪಿರ್ಲಿ!" ಸಾಹೇಬರು ಹೊರಟರು. ಹೋಗುವಾಗಲೂ ಅದೇ ಗುಂಡಿ, ಇನ್ನೊಂದು ಕಾಲು.

ಅವತ್ತು ಮಧ್ಯಾಹ್ನ ಮಾಸ್ಟರ ಪಾಠಕ್ಕೆ ಬಂದದ್ದು ಸಾಹೇಬರ ಕಚೇರಿಯಲ್ಲೇ ಟೆಲಿಫೋನಿನ ಮುಂದೆ ಕೂರುವ ಹುಡುಗಿ. ಒಳ್ಳೆಯ ಹುಡುಗಿ, ಆದರೆ ಕ್ಲಚ್ಚಿನ ಜನ್ಮವೈರಿ. ಅರ್ಧ ಬಿಟ್ಟು ಗಾಬರಿಯಾಗುವುದು, ಕಾರು ಎರಡು ಸಲ ಕುಪ್ಪಳಿಸಿ ಸಾಯುವುದು, ಇದು ಅವಳ ನಿತ್ಯದ ಕಾರ್ಯಕ್ರಮ.

"ಬಿಡಮ್ಮ ಕ್ಲಚ್ಚು, ಮೆಲ್ಲಗೆ ಬಿಡು, ಅಯ್ಯೋ, ಇವತ್ತು ನೀನು ಹೇಗಾದ್ರೂ ಬಿಡು. ನನ್ನ ಕತೆ ಮುಗೀತು," ಎಂದು ಮಾಸ್ಟರು ತಲೆಯ ಮೇಲೆ ಕೈಹೊತ್ತರು. "ಯಾವನೋ ಹಾಫ್ ಕ್ಲಚ್ಚಂತೆ. ಅವನ್ಯಾರೋ ನನಗೆ ಗೊತ್ತಿಲ್ಲ. ಊರೆಲ್ಲ ಅವನೇ ನಾನು ಅಂತಿದೆ."

ಕಾರು ಕುಪ್ಪಳಿಸಿ ನಡುರಸ್ತೆಯಲ್ಲಿ ನಿಂತಿತು. ಹಿಂದಿನಿಂದ ಹಾರ್ನುಗಳ ಸುರಿಮಳೆ.

"ಅವನಲ್ಲ ಸರ್. ಅವಳು," ಎಂದಳು ಹುಡುಗಿ, ಸ್ಟಿಯರಿಂಗನ್ನೇ ನೋಡುತ್ತಾ.

"ಯಾವಳು?"

"ನಾನೇ. ಹಾಫ್ ಕ್ಲಚ್ ಅಂತ ನೀವೇ ಅಲ್ವಾ ನನ್ನ ಕರೆಯೋದು? ನೀವು ಬೈಯೋದು ಸರಿಯಾಗಿ ತಾಳಕ್ಕೆ ಕೂರುತ್ತೆ ಸರ್. ಮನೆಗೆ ಹೋಗೋವರೆಗೂ ಕಿವೀಲಿ ಸುತ್ತುತ್ತಾ ಇರುತ್ತೆ."

ಮಾಸ್ಟರು ಅವಳ ಕಡೆ ತಿರುಗಿ, "ಹಾಗಾದ್ರೆ ನೀನೇ ಹೋಗಿ ಹೇಳಮ್ಮ," ಎಂದರು.

"ನಾನು ಅಂತ ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ."

"ನಾನಲ್ಲ ಅಂತ ಗೊತ್ತಾದ್ರೆ ನನ್ನ ಮಾನ ಹೋಗುತ್ತೆ."

ಹಿಂದಿನ ಲಾರಿಯವನು ಹಾರ್ನಿನ ಮೇಲಿಟ್ಟ ಕೈ ತೆಗೆಯಲಿಲ್ಲ.

"ಕ್ಷಮೆ ಕೇಳಿಬಿಡ್ತೀನಿ. ಇಬ್ಬರದೂ ಉಳಿಯುತ್ತೆ," ಎಂದರು ಮಾಸ್ಟರು.

"ಕೇಳಿದ್ರೆ ಹಾಡು ಸುಳ್ಳು ಅಂತಾಗುತ್ತೆ ಸರ್. ನೀವೇ ಹೇಳಿ, ಗುಂಡಿ ಸುಳ್ಳಾ?" ಎಂದು ಅವಳು ಆವೇಶದಲ್ಲಿ ಕ್ಲಚ್ ಬಿಟ್ಟಳು. ಜೀವನದಲ್ಲಿ ಮೊದಲ ಬಾರಿಗೆ ಕಾರು ಬೆಣ್ಣೆಯ ಹಾಗೆ ಮುಂದೆ ಹೋಯಿತು. ಹೋಗಿ ಗುಂಡಿಯೊಳಗೆ ಸೊಂಟದವರೆಗೆ ಇಳಿಯಿತು. ಮೂವರು ಬಂದು ತಳ್ಳಬೇಕಾಯಿತು.

ಶನಿವಾರ. ರೇಡಿಯೋ ಕೇಂದ್ರವೆಂದರೆ ಗ್ರಂಥಾಲಯದ ಮಹಡಿಯ ಮೇಲೊಂದು ಕೋಣೆ. ಸದ್ದು ಹೀರಲೆಂದು ಗೋಡೆಗೆಲ್ಲ ಮೊಟ್ಟೆಯ ತಟ್ಟೆ ಹೊಡೆದಿದ್ದರು. ಕಿಟಕಿಗೆ ರಜಾಯಿ ಕಟ್ಟಿದ್ದರು. ನಡುವೆ ಮೈಕು, ಮೂಲೆಯಲ್ಲಿ ಪ್ರಸಾರಕ್ಕೆ ಜೋಡಿಸಿದ ಕಪ್ಪು ಟೆಲಿಫೋನು. ಅಷ್ಟು ಪುಟ್ಟ ಕೋಣೆಯಲ್ಲಿ ಡಬ್ಬಿ, ಉಗುರು ಕಚ್ಚುತ್ತಿದ್ದ ಸ್ಟೇಷನ್ ಮೇಡಂ, ಬಾಗಿಲಿಗೆ ಅಡ್ಡ ನಿಂತ ಸಾಹೇಬರು, ಹೆಂಡತಿ, ಚಿಕ್ಕಮ್ಮಂದಿರು, ಎಲ್ಲರಿಗಿಂತ ಮೇಲೆ ಆರೂವರೆ ಅಡಿಯ ಮಾವ. "ಮಾಸ್ಟರ ಶಿಷ್ಯೆ" ಎಂದು ಹೇಳಿಕೊಂಡು ಮುಖಕ್ಕೆ ದುಪ್ಪಟ್ಟಾ ಸುತ್ತಿ ಹುಡುಗಿಯೂ ನುಸುಳಿದ್ದಳು.

ಕೆಂಪು ದೀಪ ಹತ್ತಿತು. "ತಗಡು ಕೇಳುಗರೇ, ಇವತ್ತು ನಿಮ್ಮ ಮುಂದೆ ಹಾಫ್ ಕ್ಲಚ್, ಸ್ವಂತ ದನಿಯಲ್ಲಿ," ಎಂದು ಡಬ್ಬಿ ತಾಳ ಬಿಟ್ಟ. ಡಂ ಡಂ ಟಪ್.

ಮಾಸ್ಟರು ಮೈಕಿನ ಮುಂದೆ ನಿಂತರು. ಬಾಯಿಗೆ ಬೀಗ. ತಾಳ ಒಂದು ಸುತ್ತು ಹೋಯಿತು, ಎರಡು ಸುತ್ತು ಹೋಯಿತು. ಮಾಸ್ಟರ ಹಣೆಯ ಬೆವರು ಮೈಕಿನ ಮೇಲೆ ಬಿದ್ದು ಅದೂ ಪ್ರಸಾರವಾಯಿತು. ಸಾಹೇಬರ ಮೀಸೆಯ ಅಡಿಯಲ್ಲಿ ನಗು ಮೂಡಿತು. ಹೆಂಡತಿಯ ತಲೆ ಮೆಲ್ಲಗೆ ತಗ್ಗತೊಡಗಿತು.

ಆಗ ಆ ಹುಡುಗಿ ಎರಡು ಸ್ಟೂಲನ್ನು ಪಕ್ಕಪಕ್ಕ ಎಳೆದಳು. ಮಾಸ್ಟರನ್ನು ಎಡಗಡೆ ಕೂರಿಸಿದಳು, ತಾನು ಬಲಗಡೆ ಕೂತಳು. ಡಬ್ಬಿಯ ಬಳಿಯಿದ್ದ ಖಾಲಿ ಎಣ್ಣೆ ಡಬ್ಬಿಯೊಂದರ ಮುಚ್ಚಳ ಕಿತ್ತುಕೊಂಡು ಸ್ಟಿಯರಿಂಗಿನ ಹಾಗೆ ಹಿಡಿದಳು. ಕ್ಲಚ್ ಬಿಟ್ಟವಳ ಹಾಗೆ ಕಾಲನ್ನು ಪಟ್ಟನೆ ಎತ್ತಿ, ಕಾರಿನಂತೆಯೇ ಕುಪ್ಪಳಿಸಿದಳು.

ಮಾಸ್ಟರ ಕಾಲು ತಾನಾಗಿ ನೆಲಕ್ಕೆ ಬಡಿಯಿತು. ಧಬ್! ಸರಿಯಾಗಿ ತಾಳಕ್ಕೆ. ಬೀಗ ಒಡೆಯಿತು.

"ಏನಮ್ಮ ಇದು, ಕಾಲಾ, ಕಬ್ಬಿಣದ ಕಂಬಾನಾ?
ಕ್ಲಚ್ಚಿನ ಮೇಲೆ ನಿಂಗೆ ಏಳು ಜನ್ಮದ ಕೋಪಾನಾ?
ಕಣ್ಣು ಬಿಡು, ಕಾಲು ಬಿಡು, ನಡುಕ ಬಿಡು ಮೊದಲು,
ಹಿಂದೆ ನೋಡು, ಲಾರಿಯವನ ಹಾರ್ನೇ ನಿನ್ನ ದಿಗಿಲು!
ಎಡಕ್ಕೆ ಹೋದ್ರೆ ಗುಂಡಿ, ಬಲಕ್ಕೆ ಹೋದ್ರೆ ಹೊಂಡ,
ನಡುವೆ ಹೋಗೋಣ ಅಂದ್ರೆ ನೀರು ಮಂಡಿಗಿಂತ ಮಂಡ!
ಲೈಸೆನ್ಸ್ ಯಾಕೆ ನಿನಗೆ? ಈಜು ಕಲಿ ಹೋಗು,
ಈ ರಸ್ತೆಯ ಮೇಲೆ ಕಾರು ಬಿಟ್ಟು ದೋಣಿ ಹತ್ತಿ ಸಾಗು!"

"ಮಂಡ ಅಂದ್ರೇನ್ರಿ?" ಎಂದರು ಕುರ್ಚಿಯಲ್ಲಿದ್ದ ಹೊಸಬರು, ಸೋಪನ್ನು ಲೆಕ್ಕಿಸದೆ.

ನನಗೂ ಗೊತ್ತಿಲ್ಲ ಸ್ವಾಮಿ. ಮಾಸ್ಟರಿಗೂ ಗೊತ್ತಿಲ್ಲ. ಆ ವೇಗದಲ್ಲಿ ಪ್ರಾಸ ಬಿದ್ದದ್ದೇ ದೊಡ್ಡದು. ಆ ಹೊತ್ತಿಗೆ ಡಬ್ಬಿ ನಿಂತು ಕುಣಿಯುತ್ತಿದ್ದ, ಮೇಡಂ ಉಗುರು ಬಿಟ್ಟು ಚಿಟಿಕೆ ಹಾಕುತ್ತಿದ್ದರು, ಹೆಂಡತಿಯ ತಲೆ ಮತ್ತೆ ಸೂರು ಮುಟ್ಟಿತ್ತು. ಗೋಡೆಯ ಮೊಟ್ಟೆ ತಟ್ಟೆಗಳಲ್ಲಿ ಮೊಟ್ಟೆ ಇದ್ದಿದ್ದರೆ ಅವತ್ತೇ ಮರಿಯಾಗುತ್ತಿದ್ದವು.

"ನಿಲ್ಲಿಸ್ರೀ!" ಸಾಹೇಬರು ನುಗ್ಗಿ ಮೈಕು ಕಿತ್ತುಕೊಂಡರು. "ಇದು ಕ್ಷಮೇನಾ? ಕೇಳ್ರಪ್ಪ ಊರಿನವರೇ! ನಮ್ಮ ಕಚೇರಿಗೆ ಇವತ್ತಿನವರೆಗೆ ರಸ್ತೆ ಬಗ್ಗೆ ಒಂದು ದೂರೂ ಬಂದಿಲ್ಲ. ನಿಮ್ಮಲ್ಲಿ ಒಬ್ಬರು, ಒಬ್ಬರೇ ಒಬ್ಬರು ಈಗ ಇಲ್ಲಿಗೆ ಫೋನ್ ಮಾಡಿ ರಸ್ತೆ ಸರಿಯಿಲ್ಲ ಅನ್ನಿ. ನಾಳೆ ಬೆಳಗ್ಗೆ ನಾನೇ ನಿಂತು ಸರಿ ಮಾಡಿಸ್ತೀನಿ. ಯಾರೂ ಮಾಡ್ಲಿಲ್ಲ ಅಂದ್ರೆ ಈ ತಗಡು ಇವತ್ತಿಗೆ ಮುಗೀತು!"

ಡಬ್ಬಿ ಫೋನ್ ನಂಬರು ಹೇಳಿದ. ಮತ್ತೆ ಹೇಳಿದ. ಎಲ್ಲರ ಕಣ್ಣೂ ಮೂಲೆಯ ಕಪ್ಪು ಟೆಲಿಫೋನಿನ ಮೇಲೆ. ಅದು ಕಲ್ಲಿನ ಹಾಗೆ ಕೂತಿತ್ತು. ಊರಿನವರದ್ದೂ ತಪ್ಪಲ್ಲ. ಫೋನ್ ಮಾಡಿ ಮಾಡಿ, ಸೀಟಲ್ಲಿಲ್ಲ ಎಂದು ಕೇಳಿ ಕೇಳಿ ಬೇಸತ್ತವರು. ಸಾಹೇಬರ ಭಯ ಬೇರೆ. ಸಾಹೇಬರು ಗಡಿಯಾರ ನೋಡಿದರು. ಹುಡುಗಿ ಮುಚ್ಚಳವನ್ನು ಎದೆಗೆ ಒತ್ತಿಕೊಂಡಿದ್ದಳು.

"ನನ್ನ ಕನ್ನಡಕ ಕಾರಲ್ಲೇ ಬಿಟ್ಟಿದೀನಿ. ತಗೊಂಡು ಬರ್ತೀನಿ," ಎಂದು ಮಾವ ಹೊರಟರು. ಅಂಥ ಹೊತ್ತಿನಲ್ಲೂ ಕನ್ನಡಕದ ಚಿಂತೆ! ಮಹಾಪುರುಷರ ಮನಸ್ಸೇ ಹಾಗೆ, ಯಾವುದಕ್ಕೂ ಅಂಟಿಕೊಳ್ಳುವುದಿಲ್ಲ.

"ಮುಗೀತು," ಎಂದರು ಸಾಹೇಬರು.

ಟ್ರಿಣ್ ಟ್ರಿಣ್!

ಇಡೀ ಕೋಣೆ ಬೆಚ್ಚಿತು. ಒಬ್ಬಳ ಕೈ ಮಾತ್ರ ಬೆಚ್ಚಲಿಲ್ಲ. ದಿನವಿಡೀ ಅದೇ ಸದ್ದಿಗೆ ಏಳುವ ಕೈ ಅದು. ಹುಡುಗಿ ತನಗೇ ಅರಿವಿಲ್ಲದೆ ರಿಸೀವರ್ ಎತ್ತಿ, ಕಚೇರಿಯ ಸಕ್ಕರೆ ದನಿಯಲ್ಲಿ, "ನಮಸ್ಕಾರ, ಸಾಹೇಬ್ರು ಸೀಟಲ್ಲಿಲ್ಲ," ಎಂದುಬಿಟ್ಟಳು. ಊರೆಲ್ಲ ಕೇಳಿತು.

"ಸೀಟಲ್ಲಿಲ್ಲದಿದ್ರೆ ಅಲ್ಲೇ ನಿಂತಿದಾನಲ್ಲೇ, ಮೈಕ್ ಹಿಡ್ಕೊಂಡು! ಕೊಡೇ ಅವನ ಕೈಗೆ ಫೋನು!" ಎಂದು ಒಂದು ಮುದುಕಿಯ ಬಿರುಕು ದನಿ ರೇಡಿಯೋದ ತುಂಬ ಮೊಳಗಿತು.

ಸಾಹೇಬರು ಗಿರಕ್ಕನೆ ತಿರುಗಿದರು. "ಈ ದನಿ! ನೀನು ನಮ್ಮ ಆಫೀಸಿನ..."

ಹುಡುಗಿ ದುಪ್ಪಟ್ಟಾ ಸರಿಸಿದಳು. "ಹೌದು ಸರ್. ಹಾಡು ನಂದು, ಬೈಗುಳ ಮಾಸ್ಟರದು. ಪಲ್ಲವಿ ಮಾತ್ರ ನಿಮ್ದೇ. ದಿನಾ ನೀವೇ ಅಲ್ವಾ ಹೇಳಿಕೊಡೋದು?"

ಸಾಹೇಬರು ಏನೋ ಹೇಳಲು ಹೋದರು. ಕೆಂಪು ದೀಪ ಉರಿಯುತ್ತಿತ್ತು. ಊರಿಗೆ ಊರೇ ಕಿವಿಗೊಟ್ಟಿರುವಾಗ ಯಾರನ್ನು ಕೆಲಸದಿಂದ ತೆಗೆಯುವುದು?

"ಫೋನು, ಸರ್. ನಿಮಗೇ," ಎಂದಳು ಹುಡುಗಿ. ಸಾಹೇಬರು ತಮ್ಮ ಸೇವಾವಧಿಯಲ್ಲಿ ಪ್ರಪ್ರಥಮ ಬಾರಿಗೆ ಸಾರ್ವಜನಿಕರ ಕರೆಯನ್ನು ಕಿವಿಗೆ ಹಿಡಿದರು. "ಹ... ಹಲೋ?"

"ನಾನು ಮೂಲೆಮನೆ ಮುದುಕಿ. ನಿನ್ನ ಗುಂಡೀಲಿ ಬಿದ್ದು ನನ್ನ ಹಲ್ಲೆಲ್ಲ ಅಲ್ಲೇ ಇದೆ. ನಾಳೆ ಮುಚ್ಚೋಕೆ ಮುಂಚೆ ಹುಡುಕಿ ಕೊಡು!"

"ಆಗ್ಲಿ ಅಮ್ಮ," ಎಂದರು ಸಾಹೇಬರು.

ಫೋನಿಟ್ಟರೋ ಇಲ್ಲವೋ, ಟ್ರಿಣ್ ಟ್ರಿಣ್! ಹಾಲಿನವನು. ಟ್ರಿಣ್ ಟ್ರಿಣ್! ಎದುರುಮನೆ ಅಕ್ಕ. ಆಟೋದವರು, ತರಕಾರಿಯವಳು, ಡಾಕ್ಟರು, ಕೊನೆಗೆ ಸಾಹೇಬರ ಮೊಮ್ಮಗಳು. "ತಾತಾ, ನೀವು ಸೀಟಲ್ಲಿದೀರಾ?" ಸಾವಿರಾರು ಕರೆ, ಲಕ್ಷಾಂತರ ಕರೆ! ತಂತಿ ಕಾದು ಕೆಂಪಾಗಿ, ಅದರ ಮೇಲೆ ಕೂತ ಕಾಗೆ...

"ಗಂಟೆ ಐದಾಯ್ತು," ಎಂದು ಕ್ಷೌರದಂಗಡಿಯವನು ರೇಡಿಯೋ ತಿರುಗಿಸಿದ.

ಡಂ ಡಂ ಟಪ್. "ಊರಿನವರೇ, ಇದು ತಗಡು!" ಡಬ್ಬಿಯ ದನಿ. "ಎಂದಿನ ಹಾಗೆ ನಿಮ್ಮ ಹಾಫ್ ಕ್ಲಚ್, ಜೊತೆಗೆ ಫುಲ್ ಬ್ರೇಕ್ ಮಾಸ್ಟರು!"

ಆಮೇಲೆ ಮಾಸ್ಟರ ದನಿ, ಗಟ್ಟಿಯಾಗಿ, ಗಂಟಲಿನ ತುಂಬ. "ಹಾಡಿಗೆ ಮೊದಲು ಒಂದು ಪ್ರಕಟಣೆ. ಮೂಲೆಮನೆ ಅಜ್ಜಿಯವರೇ, ಅವತ್ತು ನನ್ನ ಕಾರಲ್ಲಿ ಕೂತು ಫೋನ್ ಮಾಡಿದ್ರಲ್ಲ, ನಿಮ್ಮ ಕನ್ನಡಕ ಸೀಟಿನ ಸಂದೀಲಿ ಸಿಕ್ಕಿದೆ. ಬಂದು ತಗೊಳ್ಳಿ, ಮಾವ."

ಕತ್ತಿ ನಿಂತಿತು. ಹೊಸಬರು ನೊರೆಯ ನಡುವಿನಿಂದ ನನ್ನನ್ನೇ ನೋಡಿದರು. ಕನ್ನಡಕವಿಲ್ಲದ ನನ್ನ ಬರಿ ಕಣ್ಣನ್ನು ನೋಡಿದರು. ಕಾಲು ನೆಲಕ್ಕೆ ಎಟುಕದೆ ಬೆಂಚಿನ ಮೇಲೆ ಕೂತಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅದಕ್ಕೆ ಬಹಳ ಹೊತ್ತು ಹಿಡಿಯಲಿಲ್ಲ.

"ಆರೂವರೆ ಅಡಿ," ಎಂದ ಕ್ಷೌರದಂಗಡಿಯವನು. "ಆ ಮೀಸೇನ ವಾರಕ್ಕೊಂದ್ಸಲ ನಾನೇ ಹುಡುಕಿ ಕತ್ತರಿಸೋದು."

ಆಯಿತು ಸ್ವಾಮಿ, ಆ ಮಾವ ನಾನೇ. ಆ ಮುದುಕಿಯೂ ನಾನೇ. ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ಮಾಡಿದ್ದು. ಮೂಲೆಯಲ್ಲಿ ಮನೆಯೇ ಇಲ್ಲ, ಟೈರ್ ಗೋಡೌನಿದೆ. ಲಕ್ಷಾಂತರ ಕರೆಯಲ್ಲ, ಕತ್ತಲಾಗುವವರೆಗೆ ಒಂದರ ಹಿಂದೊಂದು ಬಂದವು ಅಷ್ಟೆ. ಆದರೆ ಅವು ನನ್ನವಲ್ಲ, ಊರಿನವು. ರಸ್ತೆ ತಾನಾಗಿ ಮುಚ್ಚಿಕೊಳ್ಳಲಿಲ್ಲ. ಸಾಹೇಬರು ಬಿಸಿಲಲ್ಲಿ ಟೋಪಿ ಹಾಕಿಕೊಂಡು ನಿಂತು ಮುಚ್ಚಿಸಿದರು. ನನ್ನ ಹಲ್ಲು ಬೇರೆ ಹುಡುಕಿಸಿದರು ಪಾಪ. ಕಾಗೆಯ ವಿಷಯ ನೀವೇ ಊಹಿಸಿಕೊಳ್ಳಿ.

ಇನ್ನೊಂದೂ ಹೇಳಿಬಿಡುತ್ತೇನೆ, ಹೇಗೂ ಸಿಕ್ಕಿಬಿದ್ದಾಯಿತು. ಅಳಿಯ ಹಾಫ್ ಕ್ಲಚ್ ಅಲ್ಲವೆಂದು ಆ ಮೊದಲ ಶನಿವಾರವೇ ನನಗೆ ಗೊತ್ತಿತ್ತು. ಟ್ರಾನ್ಸಿಸ್ಟರು ಕಿವಿಯಲ್ಲಿ ಗುಡುಗುತ್ತಿರುವಾಗಲೇ ಗೋಡೌನಿನ ಹಿಂದೆ ಕಾರು ಕಂಡಿತ್ತು. ಒಳಗೆ ಇಣುಕಿದರೆ ಮಹಾಶಯ ಎದೆಯ ಮೇಲೆ ಬಿಸ್ಕತ್ತಿನ ಪುಡಿ ಚೆಲ್ಲಿಕೊಂಡು ಗೊರಕೆ. ಮನೆಗೆ ಹೋಗಿ ನಾಲ್ಕು ಜನರ ಮುಂದೆ ಮಾನ ಕಳೆಯಬೇಕೆಂದೇ ಹೊರಟಿದ್ದೆ. ಬಾಗಿಲಲ್ಲಿ ಎದುರುಮನೆ ಅಕ್ಕ, "ಬನ್ನಿ ರೇಡಿಯೋ ಮಾವ," ಎಂದಳು. ಕೋರ್ಟಿನಲ್ಲಿ ಅಷ್ಟು ವರ್ಷ ಊರಿನವರ ಹೆಸರನ್ನೆಲ್ಲ ಕೂಗಿದವನು ನಾನು. ನನ್ನನ್ನು ಯಾರಾದರೂ ಕೂಗಿದ್ದು ಅದೇ ಮೊದಲು.

"ಕ್ಷೌರ ಆಯ್ತು," ಎಂದು ಅಂಗಡಿಯವನು ಹೊಸಬರ ಮುಖ ಒರೆಸಿದ. ಅವರು ಎದ್ದು, ಬಾಗಿಲಿನವರೆಗೆ ಹೋಗಿ ತಿರುಗಿದರು.

"ನಿಮ್ಮ ದನಿಯ ವಿಷಯ ಆದ್ರೂ ನಿಜಾನಾ, ರೇಡಿಯೋ ಮಾವ?"

ನಾನು ಬೆಂಚಿನಿಂದ ಇಳಿದು, ಬಾಗಿಲಿಗೆ ಬಂದು, ಎದೆ ತುಂಬ ಉಸಿರೆಳೆದುಕೊಂಡು ಬೀದಿಯ ಕಡೆಗೆ ಒಮ್ಮೆ ಕೂಗಿದೆ. "ಸಾಹೇಬ್ರು ಸೀಟಲ್ಲಿಲ್ಲ!"

ಮೂರು ಬೀದಿಯೇನೂ ಅಲ್ಲ. ಎದುರಿನ ಇಸ್ತ್ರಿ ಅಂಗಡಿಯವನೊಬ್ಬ ತಲೆ ಎತ್ತಿ ನೋಡಿದ, ಅಷ್ಟೆ.